ಚುಕ್ಕೆ, ಗೆರೆ ಇರುವ ರೋಮನ್ ಅಕ್ಷರಗಳು ಕೈಕೊಟ್ಟಾಗ

ಪ್ರಶ್ನೆ: ಇಂಗ್ಲಿಷಿನಲ್ಲಿ ಸುಮಾರು 300 ಪುಟಗಳ ಪ್ರಬಂಧ ಬರೆದಿದ್ದೇನೆ. ಅದರಲ್ಲಿ ಬರುವ ಸಂಸ್ಕೃತ, ಕನ್ನಡ ಪದಗಳನ್ನು ರೋಮನ್ ಲಿಪಿಯಲ್ಲಿ, ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕೆ ಹಾಕಿ ಬರೆದಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಒಂದೇ ಪದವನ್ನು ಹುಡುಕಿದರೆ ಮೂರನೇ ಅಧ್ಯಾಯದಲ್ಲಿ ಸಿಗುತ್ತದೆ, ಐದನೆಯದರಲ್ಲಿ ಕಣ್ಣೆದುರಿಗೇ ಇದ್ದರೂ ಸಿಗುವುದಿಲ್ಲ. (ಐದನೇ ಅಧ್ಯಾಯದಲ್ಲಿ ಹಳೆಯ ಲೇಖನಗಳ ಪಿಡಿಎಫ್‌ನಿಂದ ನಕಲು ಮಾಡಿಕೊಂಡ ಉದ್ಧರಣೆಗಳೇ ಹೆಚ್ಚು.) ಮಾರ್ಗದರ್ಶಕರ ಕಂಪ್ಯೂಟರಿನಲ್ಲಿ ಕೆಲವು ಕಡೆ ಬರೀ ಚೌಕಗಳು, ಕೆಲವು ಕಡೆ ಚುಕ್ಕೆ ಪಕ್ಕಕ್ಕೆ ಜರುಗಿದೆ. ಪದಸೂಚಿ ವಿಂಗಡಿಸಿದರೆ ಗುರುತಿನಿಂದ ಶುರುವಾಗುವ ಪದಗಳೆಲ್ಲ ಝಡ್ ಆದಮೇಲೆ ಹೋಗಿ ಕೂತಿವೆ. ಆನ್‌ಲೈನ್ ಅರ್ಜಿಯಲ್ಲಿ ಶೀರ್ಷಿಕೆ ತುಂಬಿದರೆ ನಡುವೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. "ಗುರುತುಗಳನ್ನೆಲ್ಲ ತೆಗೆದುಬಿಡು, ಕಂಪ್ಯೂಟರಿಗೆ ಅವು ಆಗಿಬರುವುದಿಲ್ಲ" ಎನ್ನುತ್ತಾರೆ ಗೆಳೆಯರು. ತೆಗೆದುಬಿಡಲೇ? ಉಲ್ಲೇಖಪಟ್ಟಿಯಲ್ಲಿ ಟರ್ಕಿ, ರೊಮೇನಿಯಾದ ಲೇಖಕರ ಹೆಸರುಗಳೂ ಇವೆ. ಅವನ್ನು ಏನು ಮಾಡಲಿ?

ಉತ್ತರ: ತೆಗೆಯಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಸಲಹೆ ಕೇಳಿ ವರ್ಷಗಟ್ಟಲೆಯ ಕೆಲಸವನ್ನು ಒಂದೇ ಸಂಜೆಯಲ್ಲಿ ಅಳಿಸಿಕೊಂಡವರನ್ನು ಕಂಡಿದ್ದೇನೆ. ಗುರುತು ತೆಗೆಯಲು ಐದು ನಿಮಿಷ ಸಾಕು. ಮತ್ತೆ ಹಾಕಬೇಕೆಂದರೆ ಒಂದೊಂದು ಪದವನ್ನೂ ಓದಿ, ಅರ್ಥ ನೋಡಿ, ಕೈಯಿಂದಲೇ ಹಾಕಬೇಕು.

ಈ ಗುರುತುಗಳನ್ನು ಅಲಂಕಾರ ಎಂದುಕೊಳ್ಳುವುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ನಿಮ್ಮ ಪ್ರಬಂಧದಲ್ಲೇ 'ಕಾಲ' ಮತ್ತು 'ಕಲಾ' ಎರಡೂ ಬರುತ್ತವೆ ಎಂದಿಟ್ಟುಕೊಳ್ಳಿ. ಮೇಲಿನ ಗೆರೆ ಹೋದರೆ ಎರಡೂ ಕೆ, ಎ, ಎಲ್, ಎ ಎಂಬ ಒಂದೇ ಪದವಾಗುತ್ತವೆ. ಶ, ಷ, ಸ ಮೂರೂ ಬರಿಯ ಎಸ್ ಆಗುತ್ತವೆ. ಬೇರೆ ಭಾಷೆಗಳಲ್ಲೂ ಹೀಗೆಯೇ. ಜರ್ಮನ್‌ನಲ್ಲಿ ಓ ಮೇಲೆ ಎರಡು ಚುಕ್ಕೆಯಿದ್ದರೆ 'ಸುಂದರ' ಎಂಬ ಅರ್ಥ ಕೊಡುವ ಪದ, ಚುಕ್ಕೆ ತೆಗೆದರೆ 'ಆಗಲೇ' ಎಂಬ ಅರ್ಥಕ್ಕೆ ತಿರುಗುತ್ತದೆ. ಸ್ಪ್ಯಾನಿಷ್‌ನಲ್ಲಿ ಎನ್ ಮೇಲಿನ ಅಲೆಗೆರೆ ಬಿಟ್ಟರೆ 'ವರ್ಷ' ಎನ್ನುವ ಪದ 'ಗುದ' ಆಗುತ್ತದೆ. ಗುರುತು ಆ ಅಕ್ಷರದ ಅಂಗ.

ನಿಮ್ಮ ಗೆಳೆಯರ ಮಾತು ಪೂರ್ತಿ ಸುಳ್ಳೂ ಅಲ್ಲ. ಅದು ಹಿಂದಿನ ಕಾಲದ ಅನುಭವ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ, 1963ರಲ್ಲಿ ಬಂದ ಆಸ್ಕಿ ಪದ್ಧತಿಯಲ್ಲಿ ಇದ್ದದ್ದು 128 ಸ್ಥಾನಗಳು. ಇಂಗ್ಲಿಷಿಗೆ ಅಷ್ಟು ಸಾಕಾಯಿತು, ಫ್ರೆಂಚಿಗೆ ಸಾಲಲಿಲ್ಲ. 1987ರ ಐಎಸ್‌ಒ 8859-1 ಮಾನಕದಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಅಕ್ಷರಗಳಿಗೆ ಜಾಗ ಸಿಕ್ಕಿತು. ಗೆರೆಯಿರುವ ಎ, ಕೆಳಚುಕ್ಕೆಯ ಎಸ್ ಆಗಲೂ ಹೊರಗೇ ಉಳಿದವು. ಹಾಗಾಗಿ ವಿದ್ವಾಂಸರು ತಮ್ಮದೇ ಫಾಂಟ್ ಮಾಡಿಕೊಂಡರು. ಬೇರೆ ಯಾವುದೋ ಚಿಹ್ನೆಯ ಸ್ಥಾನದಲ್ಲಿ ಕೆಳಚುಕ್ಕೆಯ ಎಸ್‌ನ ಚಿತ್ರ ಕೂರಿಸುವ ಉಪಾಯ ಅದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಎಲ್ಲ ಕಲಸುಮೇಲೋಗರ. 1991ರಲ್ಲಿ, ಜಗತ್ತಿನ ಭಾಷೆಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯ ಮೊದಲ ಆವೃತ್ತಿ ಬಂತು. ಇಂದು ನೀವು ಬಳಸುವ ಪ್ರತಿಯೊಂದು ಅಕ್ಷರಕ್ಕೂ ಅದರಲ್ಲಿ ಅಧಿಕೃತ ಸ್ಥಾನವಿದೆ. ಗೆರೆಯಿರುವ ಸಣ್ಣ ಎ ಅಕ್ಷರದ ಸಂಖ್ಯೆ 0101. ಕಂಪ್ಯೂಟರಿಗೆ ಅದು ಪರಕೀಯವೇನಲ್ಲ.

ಹಾಗಿದ್ದರೆ ನಿಮಗೆ ಇಷ್ಟೆಲ್ಲ ತೊಂದರೆ ಏಕೆ? ನೀವು ಒಂದೇ ಕಾಯಿಲೆ ಎಂದುಕೊಂಡಿದ್ದೀರಿ, ಇಲ್ಲಿ ನಾಲ್ಕಿವೆ. ಹುಡುಕಿದರೆ ಸಿಗದಿರುವುದು ಅಕ್ಷರ ಒಳಗೆ ಹೇಗೆ ದಾಖಲಾಗಿದೆ ಎನ್ನುವುದರ ತೊಂದರೆ. ಚೌಕ ಮತ್ತು ಜರುಗಿದ ಚುಕ್ಕೆ ಫಾಂಟಿನದು. ಪ್ರಶ್ನಾರ್ಥಕ ಚಿಹ್ನೆ ಎನ್‌ಕೋಡಿಂಗಿನದು, ಎಂದರೆ ಅಕ್ಷರಗಳನ್ನು ಅಂಕಿಗಳಾಗಿ ಉಳಿಸುವ ಪದ್ಧತಿಯದು. ಝಡ್ ನಂತರ ಕೂತದ್ದು ವಿಂಗಡಣೆಯ ನಿಯಮದ್ದು. ಮೊದಲನೆಯದು ಎಲ್ಲಕ್ಕಿಂತ ಮುಖ್ಯ. ಅದನ್ನು ಸರಿಪಡಿಸಿದರೆ ಎರಡನೆಯದರ ಅರ್ಧ ತಾನಾಗಿ ಹೋಗುತ್ತದೆ.

ಕನ್ನಡ ಕಾಗುಣಿತ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 'ಕೀ' ಎಂಬುದನ್ನು ಯುನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು. 'ಕ' ಆದಮೇಲೆ ಗುಡಿಸಿನ ದೀರ್ಘವನ್ನು ಒಂದೇ ಚಿಹ್ನೆಯಾಗಿ ಇಡಬಹುದು. ಅಥವಾ 'ಕ', ಗುಡಿಸು, ಆಮೇಲೆ ದೀರ್ಘದ ಗುರುತು ಎಂದು ಬಿಡಿಬಿಡಿಯಾಗಿ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಒಳಗೆ ಬೇರೆ. ರೋಮನ್ ಅಕ್ಷರಗಳದ್ದೂ ಇದೇ ಕತೆ. ಗೆರೆಯಿರುವ ಎ ಅನ್ನು 0101 ಎಂಬ ಒಂದೇ ಇಡಿ ಅಕ್ಷರವಾಗಿ ಬರೆಯಬಹುದು, ಬರಿಯ ಎ ಬರೆದು ಅದರ ನಂತರ 0304 ಎಂಬ ಬಿಡಿ ಗೆರೆ ಸೇರಿಸಿಯೂ ಬರೆಯಬಹುದು. ಬಿಡಿ ಕೆಳಚುಕ್ಕೆಯ ಸಂಖ್ಯೆ 0323.

ಇದನ್ನು ನೀವೇ ಕಣ್ಣಾರೆ ನೋಡಬಹುದು. 'ಕೃಷ್ಣ' ಪದವನ್ನು ಮೂರನೇ ಅಧ್ಯಾಯದಿಂದ ಒಮ್ಮೆ, ಐದನೇ ಅಧ್ಯಾಯದಿಂದ ಒಮ್ಮೆ ನಕಲು ಮಾಡಿ ಎಕ್ಸೆಲ್‌ನ ಎರಡು ಕೋಶಗಳಿಗೆ ಅಂಟಿಸಿ, ಪಕ್ಕದಲ್ಲಿ ಅಕ್ಷರ ಎಣಿಸುವ ಲೆನ್ ಸೂತ್ರ ಹಾಕಿ. ರೋಮನ್ ಲಿಪಿಯಲ್ಲಿ ಆ ಪದದಲ್ಲಿ ಕೆ, ಕೆಳಚುಕ್ಕೆಯ ಆರ್, ಎಸ್, ಎನ್, ಕೊನೆಗೆ ಎ ಇವೆ. ಒಂದು ಕೋಶ 5 ಎನ್ನುತ್ತದೆ. ಇನ್ನೊಂದು 8 ಎಂದರೆ ಮೂರು ಚುಕ್ಕೆಗಳೂ ಅಲ್ಲಿ ಬಿಡಿಯಾಗಿವೆ ಎಂದರ್ಥ. ವರ್ಡ್‌ನಲ್ಲಿ ಇನ್ನೂ ಸರಳವಾದ ಪರೀಕ್ಷೆಯಿದೆ. ಅಕ್ಷರದ ಬಲಬದಿಗೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿ. ಇಡೀ ಅಕ್ಷರ ಹೋದರೆ ಅದು ಇಡಿ. ಚುಕ್ಕೆ ಮಾತ್ರ ಹೋಗಿ ಎಸ್ ಉಳಿದರೆ ಬಿಡಿ.

ಬಿಡಿ ಗುರುತು ತಪ್ಪಲ್ಲ. ಯುನಿಕೋಡ್ ಎರಡನ್ನೂ ಸಮಾನವೆಂದೇ ಒಪ್ಪುತ್ತದೆ. ಒಂದೇ ಕಡತದಲ್ಲಿ ಎರಡೂ ಬೆರೆತರೆ ಮಾತ್ರ ಅಪಾಯ, ಏಕೆಂದರೆ ಎಲ್ಲ ತಂತ್ರಾಂಶಗಳೂ ಆ ಸಮಾನತೆಯನ್ನು ಪಾಲಿಸುವುದಿಲ್ಲ. ಬೆರಕೆ ಬರುವುದು ನಕಲಿನಿಂದ. ಕೆಲವು ಕೀಬೋರ್ಡ್‌ಗಳು ಬಿಡಿಯಾಗಿಯೇ ಮೂಡಿಸುತ್ತವೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಕಡತದ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಪಿಡಿಎಫ್‌ಗಳದ್ದು ಇನ್ನೂ ಕಷ್ಟ. ಪುಟ ಜೋಡಿಸುವ ಲೇಟೆಕ್ ತಂತ್ರಾಂಶದ ಹಳೆಯ ವಿಧಾನದಲ್ಲಿ ಸಿದ್ಧವಾದ ಎಷ್ಟೋ ಪಿಡಿಎಫ್‌ಗಳಲ್ಲಿ ಅಕ್ಷರ ಮತ್ತು ಗುರುತನ್ನು ಎರಡು ಚಿತ್ರಗಳಾಗಿ ಒಂದರ ಮೇಲೊಂದು ಅಚ್ಚೊತ್ತಲಾಗಿದೆ. ನಕಲು ಮಾಡಿದರೆ ಕೆಳಚುಕ್ಕೆ ಬರಿಯ ಪೂರ್ಣವಿರಾಮವಾಗಿ ಎಸ್ ಪಕ್ಕಕ್ಕೆ ಬಂದು ಕೂರುತ್ತದೆ. ನಿಮ್ಮ ಐದನೇ ಅಧ್ಯಾಯದಲ್ಲಿ ಇವೆರಡೂ ಇರಬಹುದು. ಪೂರ್ಣವಿರಾಮವಾದದ್ದನ್ನು ಯಾವ ಯಂತ್ರವೂ ನಂಬುವಂತೆ ತಿದ್ದಲಾರದು. ಆ ಉದ್ಧರಣೆಗಳನ್ನು ಮೂಲ ಇಟ್ಟುಕೊಂಡು ಸಾಲುಸಾಲಾಗಿ ನೋಡಿ.

ಕಣ್ಣನ್ನು ನಂಬಿ ಕೆಟ್ಟ ಒಂದು ಪ್ರಸಂಗ ಹೇಳುತ್ತೇನೆ. ನಾನು ಪುಟವಿನ್ಯಾಸ ಮಾಡಿದ ಒಂದು ಗ್ರಂಥದ ಪದಸೂಚಿಯಲ್ಲಿ ಒಂದೇ ಪದ ಎರಡು ಸಾಲಿನಲ್ಲಿ ಬಂದಿತ್ತು, ಪುಟಸಂಖ್ಯೆಗಳು ಎರಡಕ್ಕೂ ಹಂಚಿಹೋಗಿದ್ದವು. ಕರಡು ತಿದ್ದಿದವರು ಟೈಪಿಂಗ್ ದೋಷವೆಂದು ತಿಳಿದು ಎರಡನೇ ಸಾಲನ್ನು ಹೊಡೆದುಹಾಕಿದರು. ಅದರೊಡನೆ ಆ ಪದ ಬರುವ ಹನ್ನೊಂದು ಪುಟಗಳ ಸುಳಿವೂ ಹೋಯಿತು. ಅಚ್ಚಾದ ಮೇಲೆ ಅದು ಗಮನಕ್ಕೆ ಬಂತು. ಆ ಎರಡನೇ ಸಾಲು ಬಿಡಿ ಚುಕ್ಕೆಯದಾಗಿತ್ತು. ಅಂದಿನಿಂದ ಯಾವ ಕಡತ ಕೈಗೆ ಬಂದರೂ ಮೊದಲು ಇಡಿ-ಬಿಡಿ ನೋಡುತ್ತೇನೆ, ಉಳಿದದ್ದು ಆಮೇಲೆ.

ಪರಿಹಾರಕ್ಕೆ ಯುನಿಕೋಡಿನಲ್ಲೇ ದಾರಿಯಿದೆ. ಎಲ್ಲವನ್ನೂ ಒಂದೇ ರೂಪಕ್ಕೆ ತರುವುದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ. ಬಿಡಿಗಳನ್ನು ಕೂಡಿಸಿ ಇಡಿ ಮಾಡುವುದು ಎನ್‌ಎಫ್‌ಸಿ, ಇಡಿಗಳನ್ನು ಬಿಡಿಸುವುದು ಎನ್‌ಎಫ್‌ಡಿ. ನಿಮಗೆ ಬೇಕಾದದ್ದು ಎನ್‌ಎಫ್‌ಸಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ಹತ್ತಿರದಲ್ಲಿದ್ದರೆ ಅವರಿಗೆ ಇದು ಒಂದು ಸಾಲಿನ ಕೆಲಸ. ಒಂದು ಎಚ್ಚರಿಕೆ: ಹೆಸರಿನ ನಡುವೆ ಕೆ ಇರುವ ಎನ್‌ಎಫ್‌ಕೆಸಿ, ಎನ್‌ಎಫ್‌ಕೆಡಿ ಎಂಬ ಇನ್ನೆರಡು ರೂಪಗಳಿವೆ. ಅವನ್ನು ಪ್ರಬಂಧದ ಮೇಲೆ ಓಡಿಸಬೇಡಿ. ಅವು ಮೇಲೆತ್ತಿ ಬರೆದ ಅಂಕಿಯ ಅಕ್ಷರವನ್ನೂ ಸಾದಾ ಅಂಕಿ ಮಾಡಿಬಿಡುತ್ತವೆ. ಹತ್ತರ ವರ್ಗ ಎಂದು ಬರೆದದ್ದು ನೂರಎರಡು ಎಂದು ಓದಿಸಿಕೊಳ್ಳುತ್ತದೆ.

ಯಾರೂ ಸಿಗದಿದ್ದರೆ ವರ್ಡ್‌ನ 'ಹುಡುಕಿ, ಬದಲಿಸಿ' ಸಾಕು. ಸಂಸ್ಕೃತಕ್ಕೆ ವಿದ್ವಾಂಸರು ಬಳಸುವ ಐಎಎಸ್‌ಟಿ ಪದ್ಧತಿಯಲ್ಲಿ ಗುರುತಿರುವ ಅಕ್ಷರಗಳು 16, ದೊಡ್ಡಕ್ಷರಗಳನ್ನೂ ಸೇರಿಸಿದರೆ 32. ಕಡತದ ಒಂದು ಪ್ರತಿಯನ್ನು ಬೇರೆ ಇಟ್ಟು, ಬಿಡಿ ಜೋಡಿಯನ್ನು ಹುಡುಕುವ ಪೆಟ್ಟಿಗೆಗೂ ಇಡಿ ಅಕ್ಷರವನ್ನು ಬದಲಿಸುವ ಪೆಟ್ಟಿಗೆಗೂ ಅಂಟಿಸಿ ಒಂದೊಂದಾಗಿ ಮುಗಿಸಿ. ದೀರ್ಘ ೠಕಾರದಂಥ, ಕೆಳಗೆ ಚುಕ್ಕೆ ಮೇಲೆ ಗೆರೆ ಎರಡೂ ಇರುವ ಅಕ್ಷರಗಳನ್ನು ಮೊದಲು ಮಾಡಿ. ಚುಕ್ಕೆಯದನ್ನು ಮೊದಲು ಮಾಡಿದರೆ ಗೆರೆ ಒಂಟಿಯಾಗಿ ಉಳಿಯುತ್ತದೆ. ಬರಿಯ ಚುಕ್ಕೆಯನ್ನೇ ಹುಡುಕಿ ಅಳಿಸುವ ಕೆಲಸಕ್ಕೆ ಮಾತ್ರ ಕೈಹಾಕಬೇಡಿ. ಎಲ್ಲ ಮುಗಿದ ಮೇಲೆ ಹುಡುಕುವ ಪೆಟ್ಟಿಗೆಯಲ್ಲಿ ^ ಚಿಹ್ನೆ, ಸಣ್ಣ ಯು ಅಕ್ಷರ, 803, ಇಷ್ಟನ್ನು ಜಾಗ ಬಿಡದೆ ಬರೆದು ನೋಡಿ. ಎಲ್ಲಾದರೂ ಬಿಡಿ ಕೆಳಚುಕ್ಕೆ ಉಳಿದಿದ್ದರೆ ಸಿಗುತ್ತದೆ. ಬಿಡಿ ಗೆರೆಗೆ 772. (0323, 0304 ಹದಿನಾರರ ಮೂಲದ ಸಂಖ್ಯೆಗಳು, ವರ್ಡ್ ಹುಡುಕುವಾಗ ಹತ್ತರ ಮೂಲದ್ದನ್ನು ಕೇಳುತ್ತದೆ. ಅದಕ್ಕೇ ಅಂಕಿ ಬೇರೆ.)

ಇಲ್ಲೊಂದು ನಿರ್ಧಾರ ನೀವೇ ಮಾಡಬೇಕು. ಪ್ರಬಂಧದಲ್ಲಿ ಸಂಸ್ಕೃತವೂ ಇದೆ, ಕನ್ನಡವೂ ಇದೆ. ಐಎಎಸ್‌ಟಿ ಸಂಸ್ಕೃತಕ್ಕಾಗಿ ಬೆಳೆದ ಪದ್ಧತಿ, ಅದರ ಬೇರು 1894ರ ಜಿನೀವಾ ಪ್ರಾಚ್ಯವಿದ್ಯಾ ಸಮ್ಮೇಳನದಲ್ಲಿದೆ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲದ್ದರಿಂದ ಏ, ಓಗಳ ಮೇಲೆ ಅದು ಗೆರೆ ಹಾಕುವುದಿಲ್ಲ. ಕನ್ನಡಕ್ಕೆ ಇದು ಸಾಲದು, ಎರೆ ಮತ್ತು ಏರೆ ಬೇರೆ ಕಾಣಬೇಕು. ಐಎಎಸ್‌ಟಿಯಲ್ಲಿ ಕೆಳಚುಕ್ಕೆಯ ಎಲ್ ಎಂದರೆ ಌ ಸ್ವರ. ಅದನ್ನೇ ಕನ್ನಡದ ಳಕಾರಕ್ಕೆ ಬಳಸಿದರೆ ಗೊಂದಲ. 2001ರ ಐಎಸ್‌ಒ 15919 ಮಾನಕ ಇದನ್ನೆಲ್ಲ ಬಿಡಿಸಿದೆ. ಏ, ಓಗಳಿಗೆ ಗೆರೆ, ಳಕಾರಕ್ಕೆ ಕೆಳಚುಕ್ಕೆಯ ಎಲ್, ಋಕಾರಕ್ಕೆ ಕೆಳಗೆ ಸಣ್ಣ ಉಂಗುರವಿರುವ ಆರ್. ಎರಡು ಭಾಷೆಯ ಪ್ರಬಂಧಕ್ಕೆ ನಾನು ಇದನ್ನೇ ಹೇಳುತ್ತೇನೆ. ಇದಕ್ಕೂ ಒಂದು ಬೆಲೆಯಿದೆ. ಉಂಗುರವಿರುವ ಆರ್‌ಗೆ ಯುನಿಕೋಡಿನಲ್ಲಿ ಇಡಿ ರೂಪವೇ ಇಲ್ಲ. ಎನ್‌ಎಫ್‌ಸಿ ಮಾಡಿದ ಮೇಲೂ ಅದು ಬಿಡಿಯಾಗಿಯೇ ಇರುತ್ತದೆ, ಆದ್ದರಿಂದ ಒಳ್ಳೆಯ ಫಾಂಟ್ ಬೇಕೇ ಬೇಕು. ಯಾವುದನ್ನು ಆರಿಸಿದರೂ ಮುನ್ನುಡಿಯಲ್ಲಿ ಒಂದು ವಾಕ್ಯದಲ್ಲಿ ಹೇಳಿ, ಎರಡನ್ನು ಬೆರೆಸಬೇಡಿ.

ಫಾಂಟಿನ ವಿಷಯಕ್ಕೆ ಬರೋಣ. ಚೌಕ ಕಂಡರೆ ಆ ಫಾಂಟಿನಲ್ಲಿ ಆ ಅಕ್ಷರವಿಲ್ಲ ಎಂದಷ್ಟೇ ಅರ್ಥ, ಬರಹ ಒಳಗೆ ಸುರಕ್ಷಿತವಾಗಿದೆ. ಚುಕ್ಕೆ ಪಕ್ಕಕ್ಕೆ ಜರುಗಿದರೆ, ಬಿಡಿ ಗುರುತನ್ನು ಎಲ್ಲಿ ಕೂರಿಸಬೇಕೆಂಬ ಸೂಚನೆ ಆ ಫಾಂಟಿನಲ್ಲಿಲ್ಲ. ಇಡಿ ಅಕ್ಷರವಾದರೆ ಜರುಗುವ ಪ್ರಶ್ನೆಯೇ ಬರುವುದಿಲ್ಲ. ಜೆಂಟಿಯಮ್, ಕ್ಯಾರಿಸ್, ನೋಟೋ ಸೆರಿಫ್ ಈ ಕೆಲಸಕ್ಕೆ ನಂಬಬಹುದಾದ ಉಚಿತ ಫಾಂಟ್‌ಗಳು. ನಿಮ್ಮ ಗುರುತಿನ ಅಕ್ಷರಗಳನ್ನೆಲ್ಲ ಒಂದು ಸಾಲಿನಲ್ಲಿ ಬರೆದು ಸಾದಾ, ದಪ್ಪ, ಓರೆ ಮೂರರಲ್ಲೂ ನೋಡಿ. ಸಾದಾದಲ್ಲಿ ಚೆನ್ನಾಗಿದ್ದು ಓರೆಯಲ್ಲಿ ಕೈಕೊಡುವ ಫಾಂಟ್‌ಗಳಿವೆ, ಸಂಸ್ಕೃತ ಪದಗಳನ್ನು ನೀವು ಬಹುಶಃ ಓರೆಯಲ್ಲೇ ಹಾಕಿದ್ದೀರಿ. ಮಾರ್ಗದರ್ಶಕರಿಗೆ ಫಾಂಟ್ ಅಡಕಗೊಳಿಸಿದ ಪಿಡಿಎಫ್ ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಏನಿದೆ ಏನಿಲ್ಲ ಎಂಬ ಚಿಂತೆ ಬೇಡ. ಚುಕ್ಕೆಯನ್ನು ಗೆರೆ ಎಳೆಯುವ ಉಪಕರಣದಿಂದ ಬಿಡಿಸುವುದು, ಪದವನ್ನು ಚಿತ್ರವಾಗಿ ಸೇರಿಸುವುದು ಬೇಡ. ಅವು ಹುಡುಕಿದರೆ ಸಿಗುವುದಿಲ್ಲ, ಪರದೆ ಓದುವ ತಂತ್ರಾಂಶ ಬಳಸುವ ಅಂಧ ಓದುಗರಿಗೆ ಕೇಳಿಸುವುದೂ ಇಲ್ಲ.

ಪ್ರಶ್ನಾರ್ಥಕ ಚಿಹ್ನೆ ಮಾತ್ರ ನಿಜವಾದ ನಷ್ಟ. ಕಡತವನ್ನು ತಪ್ಪು ಎನ್‌ಕೋಡಿಂಗಿನಲ್ಲಿ ತೆರೆದಾಗ ವಿಚಿತ್ರ ಜೋಡಿಗಳು ಕಾಣುವುದುಂಟು. ಓರೆಗೆರೆಯ ಇ ಅಕ್ಷರ, ಯುನಿಕೋಡ್ ಬರಹವನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ 195, 169 ಎಂಬ ಎರಡು ಬೈಟ್. ಹಳೆಯ ವಿಂಡೋಸ್ ಪದ್ಧತಿಯಲ್ಲಿ ಓದಿದರೆ ಅದೇ ಅಲೆಗೆರೆಯ ದೊಡ್ಡ ಎ ಮತ್ತು ಕಾಪಿರೈಟ್ ಚಿಹ್ನೆಯಾಗಿ ಕಾಣುತ್ತದೆ. ಗಾಬರಿ ಬೇಡ, ಉಳಿಸದೆ ಮುಚ್ಚಿ ಯುಟಿಎಫ್-8 ಎಂದು ಆರಿಸಿ ತೆರೆದರೆ ಸರಿಹೋಗುತ್ತದೆ. ಆದರೆ ಪ್ರಶ್ನಾರ್ಥಕ ಚಿಹ್ನೆ ಬಂತೆಂದರೆ ಅಕ್ಷರವನ್ನು ಬಿಸಾಡಿ ಅದರ ಜಾಗದಲ್ಲಿ ಚಿಹ್ನೆ ಇಟ್ಟಾಗಿದೆ, ಹಿಂದಕ್ಕೆ ತರಲಾಗದು. ಎಕ್ಸೆಲ್‌ನಿಂದ ಸಾದಾ ಸಿಎಸ್‌ವಿ ಆಗಿ ಉಳಿಸಿದಾಗಲೂ ಹೀಗಾಗುತ್ತದೆ. ಪಟ್ಟಿಯಲ್ಲಿ ಯುಟಿಎಫ್-8 ಎಂದಿರುವ ಸಿಎಸ್‌ವಿಯನ್ನೇ ಆರಿಸಿ.

ಅರ್ಜಿಯ ವ್ಯವಸ್ಥೆ ಹಳೆಯದಾದರೆ ನೀವು ಏನೂ ಮಾಡಲಾಗುವುದಿಲ್ಲ. ಅಲ್ಲಿಗೆ ಮಾತ್ರ ಗುರುತಿಲ್ಲದ ಶೀರ್ಷಿಕೆ ಕೊಡಿ, ಸರಿಯಾದ ಶೀರ್ಷಿಕೆ ಪ್ರಬಂಧದ ಮೊದಲ ಪುಟದಲ್ಲಿರಲಿ, ಈ ವ್ಯತ್ಯಾಸವನ್ನು ಕಚೇರಿಗೆ ಬರೆದು ತಿಳಿಸಿ. ಪರದೆಯ ಮೇಲೆ ಸರಿ ಕಂಡರೂ ಸ್ವೀಕೃತಿ ಇಮೇಲ್ ತೆರೆದು ನೋಡದೆ ಬಿಡಬೇಡಿ. ಕಡತದ ಹೆಸರು, ಪಾಸ್‌ವರ್ಡ್‌ಗಳಲ್ಲೂ ಸಾದಾ ಅಕ್ಷರವೇ ವಾಸಿ. ಪಾಸ್‌ವರ್ಡಿನಲ್ಲಿ ಒಂದು ಕಂಪ್ಯೂಟರ್ ಇಡಿಯಾಗಿ, ಇನ್ನೊಂದು ಬಿಡಿಯಾಗಿ ಮೂಡಿಸಿದರೆ ಬಾಗಿಲೇ ತೆರೆಯದೆ ಹೋಗಬಹುದು. ಮೊಬೈಲ್ ಎಸ್‌ಎಂಎಸ್‌ನಲ್ಲೂ ಗೆರೆಯಿರುವ ಒಂದೇ ಒಂದು ಎ ಬಂದರೆ ಸಾಕು, ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತಿದ್ದದ್ದು 70ಕ್ಕೆ ಇಳಿಯುತ್ತದೆ.

ವಿಂಗಡಣೆ ಸುಲಭ. ತಂತ್ರಾಂಶ ಯುನಿಕೋಡ್ ಸಂಖ್ಯೆಯನ್ನೇ ನೋಡಿ ಜೋಡಿಸಿದರೆ ಗುರುತಿನ ಅಕ್ಷರಗಳು ಝಡ್ ಆಚೆಗೇ ಹೋಗುತ್ತವೆ, ಅವುಗಳ ಸಂಖ್ಯೆ ದೊಡ್ಡದು. ಭಾಷೆಯ ನಿಯಮದಂತೆ ವಿಂಗಡಿಸುವ ಆಯ್ಕೆ ಇರುವ ತಂತ್ರಾಂಶ ಬಳಸಿ. ಆ ನಿಯಮವೂ ಎಲ್ಲ ಕಡೆ ಒಂದೇ ಅಲ್ಲ: ಎರಡು ಚುಕ್ಕೆಯ ಓ ಜರ್ಮನ್ ನಿಘಂಟಿನಲ್ಲಿ ಓ ಜೊತೆಗಿದ್ದರೆ ಸ್ವೀಡಿಷ್‌ನಲ್ಲಿ ವರ್ಣಮಾಲೆಯ ಕಟ್ಟಕಡೆಗೆ ಬರುತ್ತದೆ. ನಿಮ್ಮ ಓದುಗರು ಇಂಗ್ಲಿಷ್ ಕ್ರಮದಲ್ಲಿ ಹುಡುಕುವವರು, ಗುರುತನ್ನು ಲೆಕ್ಕಿಸದ ಕ್ರಮವೇ ಅವರಿಗೆ ಅನುಕೂಲ.

ಮುಂದೆ ಟೈಪ್ ಮಾಡಲು ವಿಂಡೋಸ್ ವರ್ಡ್‌ನಲ್ಲಿ 0101 ಎಂದು ಬರೆದು ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಗೆರೆಯಿರುವ ಎ ಮೂಡುತ್ತದೆ. ಆಗೊಮ್ಮೆ ಈಗೊಮ್ಮೆ ಬೇಕಾದರೆ ಸರಿ, 300 ಪುಟಕ್ಕೆ ಅಲ್ಲ. ಮ್ಯಾಕ್‌ನಲ್ಲಿ ಎಬಿಸಿ ಎಕ್ಸ್‌ಟೆಂಡೆಡ್ ಕೀಬೋರ್ಡ್ ಆರಿಸಿಕೊಂಡರೆ ಆಪ್ಷನ್ ಜೊತೆ ಎ ಒತ್ತಿದಾಗ ಗೆರೆ, ಎಕ್ಸ್ ಒತ್ತಿದಾಗ ಕೆಳಚುಕ್ಕೆ ಸಿದ್ಧವಾಗುತ್ತದೆ, ಆಮೇಲೆ ಅಕ್ಷರ ಒತ್ತಬೇಕು. ವಿಂಡೋಸ್‌ಗೆ ಕೀಮ್ಯಾನ್ ಎಂಬ ಉಚಿತ ಕೀಬೋರ್ಡ್ ತಂತ್ರಾಂಶ ಹಾಕಿಕೊಳ್ಳಿ.

ಇನ್ನು ಲೇಖಕರ ಹೆಸರುಗಳು. ಟರ್ಕಿಷ್‌ನಲ್ಲಿ ಐ ಎರಡಿವೆ, ಚುಕ್ಕೆಯಿರುವುದು ಮತ್ತು ಇಲ್ಲದ್ದು. ಚುಕ್ಕೆಯದರ ದೊಡ್ಡಕ್ಷರಕ್ಕೂ ಚುಕ್ಕೆ ಇರುತ್ತದೆ. ಹೆಸರುಗಳನ್ನು ಒಂದೇ ಏಟಿಗೆ ದೊಡ್ಡಕ್ಷರ ಮಾಡಿದರೆ ತಂತ್ರಾಂಶ ಇಂಗ್ಲಿಷ್ ನಿಯಮ ಹಿಡಿದು ಎರಡನ್ನೂ ಚುಕ್ಕೆಯಿಲ್ಲದ ಒಂದೇ ಐ ಮಾಡಿಬಿಡುತ್ತದೆ. ಹಾಗಾಗಿ ಉಲ್ಲೇಖಪಟ್ಟಿಗೆ ಆ ಗುಂಡಿ ಒತ್ತಬೇಡಿ. ರೊಮೇನಿಯನ್‌ನಲ್ಲಿ ಎಸ್, ಟಿ ಕೆಳಗೆ ಇರಬೇಕಾದದ್ದು ಅಲ್ಪವಿರಾಮ. ಅದಕ್ಕೆ ಯುನಿಕೋಡಿನಲ್ಲಿ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 1999ರ ಮೂರನೇ ಆವೃತ್ತಿಯಲ್ಲಿ. ಅದಕ್ಕೂ ಮುಂಚಿನ ಬರಹಗಳಲ್ಲಿ ಕೊಕ್ಕೆಯಂಥ ಸೆಡಿಲ್ಲಾ ಇರುವ ಅಕ್ಷರವನ್ನೇ ಬಳಸುತ್ತಿದ್ದರು, ಈಗಲೂ ನಕಲಿನಲ್ಲಿ ಅದೇ ಬರುವುದುಂಟು. ಇವು ನಿಜಕ್ಕೂ ಬೇರೆ ಅಕ್ಷರಗಳಾದ್ದರಿಂದ ಎನ್‌ಎಫ್‌ಸಿ ಇವನ್ನು ಮುಟ್ಟುವುದಿಲ್ಲ, ನೀವೇ ತಿದ್ದಬೇಕು. ತಿದ್ದುವಾಗ 'ಎಲ್ಲ ಬದಲಿಸು' ಒತ್ತಬೇಡಿ. ಟರ್ಕಿಷ್ ಹೆಸರುಗಳಲ್ಲಿ ಎಸ್ ಕೆಳಗಿನ ಆ ಕೊಕ್ಕೆಯೇ ಸರಿ. ಒಂದೊಂದು ಹೆಸರಿನ ಮುಂದೆಯೂ ನಿಂತು, ಲೇಖಕರು ಯಾವ ಭಾಷೆಯವರೆಂದು ನೋಡಿಕೊಂಡು ಬದಲಿಸಿ.